ಪ್ಲೇಗಿನ ಕಾಲದ ಸರಕಾರ, ಪ್ಲೇಗಿನ ಕಾಲದ ಜನ

1897ರ ಫೆಬ್ರವರಿ 4ರಂದು ಹಿಂದುಸ್ತಾನ ಸರಕಾರವು ಒಂದು ಪುಟ್ಟ ಕಾಯಿದೆಯನ್ನು ಮಾಡಿತು. ಸಾಂಕ್ರಾಮಿಕ ರೋಗಗಳ ಕಾಯಿದೆ ಎಂದು ಅದರ ಹೆಸರು. ಅದರಲ್ಲಿದ್ದದ್ದು ನಾಲ್ಕೇ ಕಲಮು. ಮೊದಲನೆಯದು ಕಾಯಿದೆಯ ಹೆಸರು ಹೇಳುತ್ತದೆ. ಎರಡನೆಯದು, ರೋಗ ತಡೆಯಲು ಬೇಕೆನಿಸಿದ ಯಾವ ನಿಯಮವನ್ನಾದರೂ ಮಾಡುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಮೂರನೆಯದು ಮಾತು ಕೇಳದವನಿಗೆ ಶಿಕ್ಷೆ. ನಾಲ್ಕನೆಯ ಕಲಮಿನ ಪ್ರಕಾರ, ಈ ಕಾಯಿದೆಯ ಅಡಿಯಲ್ಲಿ ಸದುದ್ದೇಶದಿಂದ ಯಾರು ಏನು ಮಾಡಿದರೂ ಅವರ ಮೇಲೆ ದಾವೆ ಹೂಡುವಂತಿಲ್ಲ. ಈ ನಾಲ್ಕನೆಯ ಕಲಮನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

123 ವರ್ಷಗಳ ನಂತರ, 2020ರ ಮಾರ್ಚ್ 13ರಂದು, ಮಹಾರಾಷ್ಟ್ರ ಸರಕಾರವು ಕೊರೊನಾ ರೋಗಕ್ಕಾಗಿ ಇದೇ ಕಾಯಿದೆಯನ್ನು ಹೊರತೆಗೆಯಿತು. ಏಪ್ರಿಲ್ 6ರ ನಡುರಾತ್ರಿಯಿಂದ ಪುಣೆಯ ಪೇಟೆಗಳ ಭಾಗವನ್ನೂ ನಮ್ಮ ಕೊಂಢವಾವನ್ನೂ ಪೂರ್ತಿ ಮುಚ್ಚಲಾಯಿತು. ಹಾಲು, ಔಷಧಿಗಳ ಹೊರತು ಬೇರೇನಕ್ಕೂ ಬೀದಿಗೆ ಇಳಿಯುವಂತಿರಲಿಲ್ಲ. ಒಬ್ಬಿಬ್ಬರು ಗೊಣಗಿದ್ದು ನಿಜ. ಬಹುಮಟ್ಟಿಗೆ ಜನ ಬಾಗಿಲು ಹಾಕಿಕೊಂಡು ಕುಳಿತರು.

ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಫೋನಿನ ಮೇಲೆ ಇನ್ನೊಂದು ಚರ್ಚೆ ನಡೆಯುತ್ತಿತ್ತು. ಒಂದು ಮನೆಯ ಮಗ ಅಮೆರಿಕೆಯಲ್ಲಿ, ಇನ್ನೊಂದು ಮನೆಯ ಮಗಳು ಜರ್ಮನಿಯಲ್ಲಿ. ಇಟಲಿಯ ಜನ ಮಾರ್ಚಿನಲ್ಲಿ ತಮ್ಮ ಮನೆಗಳ ಬಾಲ್ಕನಿಗಳಲ್ಲಿ ನಿಂತು ಹಾಡುತ್ತ ಸರಕಾರದ ಮಾತಿನಂತೆ ಒಳಗೇ ಉಳಿದರು. ಅಮೆರಿಕೆಯ ಮಿಶಿಗನ್ ರಾಜ್ಯದಲ್ಲಿ ಏಪ್ರಿಲ್ 30ರಂದು ಕೆಲವರು ಬಂದೂಕು ಹಿಡಿದು ವಿಧಾನಭವನದ ಒಳಗೇ ನುಗ್ಗಿ, ನಮ್ಮನ್ನು ಮನೆಯಲ್ಲಿ ಕೂಡಿಹಾಕಲು ನೀವು ಯಾರು ಎಂದು ಕೇಳಿದರು. ಇದನ್ನು ನೋಡಿ ನಮ್ಮವರು ಒಂದು ತೀರ್ಮಾನಕ್ಕೆ ಬಂದುಬಿಟ್ಟರು: ಅಮೆರಿಕದವನಿಗೆ ಸರಕಾರವೆಂದರೆ ಸಂಶಯ, ಯುರೋಪಿನವನಿಗೆ ಸರಕಾರವೆಂದರೆ ಹಿರಿಯಣ್ಣ. ಇದು ಅವರವರ ರಕ್ತಗುಣ ಎಂಬಂತೆ ಮಾತು ನಡೆಯಿತು.

ಇತಿಹಾಸವನ್ನು ನೋಡಿದರೆ ರಕ್ತಗುಣದ ಮಾತು ನಿಲ್ಲುವುದಿಲ್ಲ. ಅದನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಯೂ ಇಲ್ಲ. 1896ರಿಂದ 1900ರ ಒಳಗೆ ಒಂದೇ ರೋಗ, ಗಡ್ಡೆಯ ಪ್ಲೇಗು, ಮುಂಬಯಿ, ಪುಣೆ, ಹುಬ್ಬಳ್ಳಿ, ಬೆಂಗಳೂರುಗಳನ್ನು ಹೊಕ್ಕಿತು. ಪೋರ್ಚುಗಲ್ಲಿನ ಪೋರ್ತೊ, ಸ್ಕಾಟ್ಲೆಂಡಿನ ಗ್ಲಾಸ್ಗೊ, ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೊ ನಗರಗಳನ್ನೂ ಮುಟ್ಟಿತು. ಯಾವ ಸರಕಾರದ ಬಳಿಯೂ ಮದ್ದು ಇರಲಿಲ್ಲ. ಎಲ್ಲ ಸರಕಾರಗಳೂ ಹೆಚ್ಚುಕಡಿಮೆ ಅದದೇ ಕೆಲಸ ಮಾಡಿದವು: ಮನೆ ಹುಡುಕುವುದು, ರೋಗಿಯನ್ನು ಒಯ್ಯುವುದು, ಉಳಿದವರನ್ನು ಬೇರೆ ಇಡುವುದು, ದಾರಿ ಕಟ್ಟುವುದು. ಜನ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ ನಡೆದುಕೊಂಡರು.

ಮೊದಲು ನಾವಿರುವ ಊರನ್ನೇ ನೋಡೋಣ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಸ್ ಎಂಬ ವೈದ್ಯರು ರೋಗವನ್ನು ಗುರುತಿಸಿ, ಇದು ಪ್ಲೇಗೇ ಎಂದರು. ಜನ ರೈಲು ಹತ್ತಿ ಮುಂಬಯಿ ಬಿಟ್ಟರು. ರೋಗವೂ ಅವರ ಜೊತೆಗೆ ರೈಲು ಹತ್ತಿತು. 1897ರ ಆರಂಭಕ್ಕೆ ಪುಣೆಯಲ್ಲಿ ಸಾವು ಹೆಚ್ಚಿತು. ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟನು ಸಾತಾರೆಯಲ್ಲಿ ಅಸಿಸ್ಟೆಂಟ್ ಕಲೆಕ್ಟರನಾಗಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡನನ್ನು ಕರೆಸಿ ಪುಣೆಯ ಪ್ಲೇಗು ಕಮಿಟಿಯ ಅಧ್ಯಕ್ಷನನ್ನಾಗಿ ಮಾಡಿದನು. ರ‍್ಯಾಂಡನು ದಕ್ಷನೆಂದು ಹೆಸರಾದವನು. ದಕ್ಷತೆಯೆಂದರೆ ಏನೆಂಬುದರಲ್ಲಿ ಅವನಿಗೂ ಊರಿಗೂ ಅಭಿಪ್ರಾಯಭೇದವಿತ್ತು, ಅಷ್ಟೆ.

ಮಾರ್ಚ್ 13ರಿಂದ ಮೇ 19ರ ವರೆಗೆ ಮನೆ ಮನೆಯ ಶೋಧನೆ ನಡೆಯಿತು. ಅದಕ್ಕೆ ಬಂದವರು ಸೈನಿಕರು. ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಮೇಜರ್ ಪೇಜೆಟ್ಟನ ಕೈಕೆಳಗೆ ಗೋರಾ ಸೋಜರರೂ ದೇಶೀ ಸಿಪಾಯಿಗಳೂ ಸೇರಿ ಸುಮಾರು ಒಂಬೈನೂರು ಜನ. ಈ ರೋಗದ ಗುರುತು ತೊಡೆಸಂದಿನಲ್ಲಿ, ಕಂಕುಳಲ್ಲಿ, ಕುತ್ತಿಗೆಯಲ್ಲಿ ಏಳುವ ಗಡ್ಡೆ. ಅದನ್ನು ಹುಡುಕುವುದೆಂದರೆ ಮೈಯ ಯಾವ ಭಾಗವನ್ನು ನೋಡಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಸ್ತ್ರೀಯ ಮುಖವನ್ನೂ ನೇರವಾಗಿ ನೋಡದ ವಾಡೆಗಳ ಊರಿನಲ್ಲಿ ಬೂಟುಗಾಲಿನ ಪರಕೀಯ ಸೈನಿಕ ಅಡಿಗೆಮನೆಗೆ, ದೇವರ ಕೋಣೆಗೆ ಬಂದು ನಿಂತ. ಹೆಂಗಸರನ್ನು ಅಂಗಳಕ್ಕೆ, ಬೀದಿಗೆ ಕರೆಸಿ ಪರೀಕ್ಷಿಸಿದರು. ರೋಗಿಯನ್ನು ದವಾಖಾನೆಗೆ, ಉಳಿದ ಮನೆಮಂದಿಯನ್ನು ಊರ ಹೊರಗಿನ ಸೆಗ್ರಿಗೇಶನ್ ಕ್ಯಾಂಪಿಗೆ ಒಯ್ದರು. ಹಾಸಿಗೆ ಬಟ್ಟೆ ಸುಟ್ಟರು, ನೆಲ ಅಗೆದರು, ಗೋಡೆಗೆ ಸುಣ್ಣ ಹೊಡೆದರು. ಮನೆಗೆ ಮರಳಿದವರು ಪೆಟ್ಟಿಗೆಯೊಳಗಿನ ವಸ್ತು ಕಾಣುತ್ತಿಲ್ಲ ಎಂದು ದೂರಿದರೆ ಕೇಳುವವರಿರಲಿಲ್ಲ. ನಾಲ್ಕನೆಯ ಕಲಮು ನೆನಪಿದೆಯಲ್ಲ?

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪುಣೆಯ ಮುಖಂಡರು ಪ್ಲೇಗು ನಿವಾರಣೆಯನ್ನು ಮೊದಲಿಗೇ ವಿರೋಧಿಸಿದವರಲ್ಲ. ಲೋಕಮಾನ್ಯ ಟಿಳಕರು ಊರು ಬಿಟ್ಟು ಓಡಿದ ಗಣ್ಯರನ್ನು ‘ಕೇಸರಿ’ಯಲ್ಲಿ ಚೆನ್ನಾಗಿಯೇ ಝಾಡಿಸಿದರು. ತಾವು ಊರಲ್ಲೇ ಉಳಿದು, ಹಿಂದೂ ರೋಗಿಗಳಿಗಾಗಿ ಪ್ರತ್ಯೇಕ ಪ್ಲೇಗು ದವಾಖಾನೆ ತೆರೆಯುವುದಕ್ಕೆ ಮುಂದಾದರು. ರೋಗಿಯನ್ನು ಬೇರೆ ಇಡಬಾರದೆಂದು ಅವರು ಹೇಳಲಿಲ್ಲ. ಬಾಗಿಲು ತಟ್ಟುವವರು ಯಾರು, ಹೇಗೆ ತಟ್ಟುತ್ತಾರೆ, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದೇ ಅವರ ತಕರಾರು.

ಸೈನಿಕರು ಬರುವ ಮೊದಲೇ, ಪ್ಲೇಗಿನ ಮನೆಗಳ ಬಾಗಿಲಿಗೆ ಇನ್ನೊಬ್ಬರು ಹೋಗುತ್ತಿದ್ದರು. ಸಾವಿತ್ರಿಬಾಯಿ ಫುಲೆಯವರಿಗೆ ಆಗ 66 ವರ್ಷ. ಅವರ ದತ್ತುಮಗ ಡಾ. ಯಶವಂತರು ಹಡಪಸರದ ಕಡೆ ಊರ ಹೊರಗಿನ ಬಯಲಿನಲ್ಲಿ ದವಾಖಾನೆ ಇಟ್ಟಿದ್ದರು. ಮುಂಢವಾದ ಒಬ್ಬ ದಲಿತ ಹುಡುಗನಿಗೆ ರೋಗ ತಗಲಿದಾಗ ಸಾವಿತ್ರಿಬಾಯಿಯವರು ಅವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಹುಡುಗ ಬದುಕಿದ, ಅವರು 1897ರ ಮಾರ್ಚ್ 10ರಂದು ಅದೇ ರೋಗದಿಂದ ತೀರಿಕೊಂಡರು. ಕೊಂಢವಾದಿಂದ ಮುಂಢವಾ, ಹಡಪಸರ ಎಷ್ಟು ದೂರ? ರಿಕ್ಷಾದಲ್ಲಿ ಅರ್ಧ ತಾಸಿನ ದಾರಿ. ಆಗ ಇವೆಲ್ಲ ಹೊಲಗದ್ದೆಗಳ ನಡುವಿನ ಹಳ್ಳಿಗಳು. ರೋಗಿಯನ್ನು ಮನೆಯಿಂದ ಹೊರಗೆ ಒಯ್ಯುವ ಕೆಲಸವನ್ನೇ ಸಾವಿತ್ರಿಬಾಯಿಯವರೂ ಮಾಡಿದ್ದು. ಅವರ ಮೇಲೆ ಯಾರೂ ಕಲ್ಲೆಸೆಯಲಿಲ್ಲ.

ಶೋಧನೆಯ ವಿರುದ್ಧ ಎದ್ದ ದನಿಗಳಲ್ಲಿ ಕನ್ನಡಿಗರು ಮರೆಯಬಾರದ ಒಂದು ದನಿ ಪಂಡಿತಾ ರಮಾಬಾಯಿಯವರದು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ತುಂಗೆ ಭದ್ರೆಯರು ಹುಟ್ಟುವ ಕಾಡಿನಲ್ಲಿ. ಮುಂದೆ ಕ್ರೈಸ್ತಮತವನ್ನು ಸ್ವೀಕರಿಸಿ, ಪುಣೆಯಲ್ಲಿ ಶಾರದಾಸದನ ನಡೆಸಿದರು. ಟಿಳಕರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಇಂಥವರು 1897ರ ಮೇ ತಿಂಗಳಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದು, ತಮ್ಮ ಆಶ್ರಯದ ಹುಡುಗಿಯೊಬ್ಬಳನ್ನು ಪ್ಲೇಗು ದವಾಖಾನೆಗೆ ಒಯ್ದ ಮೇಲೆ ಅವಳಿಗೆ ಒದಗಿದ ಗತಿಯನ್ನು ಬಯಲಿಗಿಟ್ಟರು. ಗವರ್ನರನನ್ನೇ ಹೊಣೆ ಮಾಡಿದರು. ಇದು ಸನಾತನಿಗಳ ಗಲಾಟೆ, ಬ್ರಾಹ್ಮಣರ ಒಳಸಂಚು ಎಂದು ತಳ್ಳಿಹಾಕುವಂತಿರಲಿಲ್ಲ. ಬರೆದವರು ಕ್ರೈಸ್ತರು, ಸರಕಾರಕ್ಕೆ ಬೇಕಾದವರು, ಹೆಂಗಸು.

ಗೋಪಾಳ ಕೃಷ್ಣ ಗೋಖಲೆಯವರ ಕಥೆ ಇದಕ್ಕೆ ತಿರುವುಮುರುವು. ಅವರು ಆಗ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯ ಪತ್ರಗಳಲ್ಲಿ ಬಂದ ಸುದ್ದಿಯನ್ನು ನಂಬಿ, ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆಂದು ಅಲ್ಲಿಯ ಪತ್ರಿಕೆಯಲ್ಲಿ ಹೇಳಿದರು. ಮರಳಿ ಬಂದು ವಿಚಾರಿಸಿದರೆ ಮುಂದೆ ಬಂದು ಸಾಕ್ಷಿ ಹೇಳುವವರು ಒಬ್ಬರೂ ಸಿಗಲಿಲ್ಲ. ಗೋಖಲೆಯವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅದಕ್ಕಾಗಿ ಸ್ವಜನರಿಂದ ಬೈಸಿಕೊಂಡರು. ನನಗೆ ತೋರುವಂತೆ, ಯಾವ ಮನೆತನ ತಾನೆ ತನ್ನ ಮಗಳ ಹೆಸರನ್ನು ಅಂಥ ಸಾಕ್ಷಿಗೆ ಕೊಟ್ಟೀತು? ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಸತ್ಯಕ್ಕೂ ಗಾಳಿಸುದ್ದಿಗೂ ಅಂತರ ಉಳಿಯುವುದಿಲ್ಲ.

ಜೂನ್ 22, 1897. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಅರವತ್ತನೆಯ ವರ್ಷದ ಉತ್ಸವ. ಗಣೇಶಖಿಂಡದ ಗವರ್ನರನ ಬಂಗಲೆಯಲ್ಲಿ, ಅಂದರೆ ಈಗಿನ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ, ಔತಣ ಮುಗಿಸಿ ಮರಳುತ್ತಿದ್ದ ರ‍್ಯಾಂಡನ ಮೇಲೆ ಚಿಂಚವಡದ ದಾಮೋದರ ಹರಿ ಚಾಪೇಕರನು ಗುಂಡು ಹಾರಿಸಿದನು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಐಯರ್ಸ್ಟನು ಬಾಳಕೃಷ್ಣ ಚಾಪೇಕರನ ಗುಂಡಿಗೆ ಅಲ್ಲೇ ಸತ್ತನು. ರ‍್ಯಾಂಡನು ಜುಲೈ 3ರಂದು ತೀರಿದನು. ದಾಮೋದರನಿಗೆ 1898ರ ಏಪ್ರಿಲಿನಲ್ಲಿ, ಅವನ ತಮ್ಮಂದಿರಾದ ವಾಸುದೇವ, ಬಾಳಕೃಷ್ಣರಿಗೂ ಜೊತೆಗಾರ ಮಹಾದೇವ ರಾನಡೆಗೂ 1899ರ ಮೇ ತಿಂಗಳಲ್ಲಿ ಗಲ್ಲಾಯಿತು. ಒಂದೇ ತಾಯಿಯ ಮೂವರು ಮಕ್ಕಳು. ಟಿಳಕರು ರಾಜದ್ರೋಹದ ಆಪಾದನೆಯ ಮೇಲೆ 18 ತಿಂಗಳ ಕಠಿಣ ಸಜೆಗೆ ಗುರಿಯಾದರು. ನಾತೂ ಸಹೋದರರನ್ನಂತೂ ವಿಚಾರಣೆಯೇ ಇಲ್ಲದೆ ಹಿಡಿದಿಟ್ಟರು. ಇವೆಲ್ಲ ಪುಣೆಯ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದಿದೆ. ಅದೇ ಜೂನ್ 22ರಂದು, ಅದೇ ರಾಣಿಯ ಅದೇ ಉತ್ಸವದ ನೆನಪಿಗಾಗಿ, ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಒಂದು ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ತಾಯಿ ರೀಜೆಂಟರಾಗಿ ರಾಜ್ಯ ನಡೆಸುತ್ತಿದ್ದರು, ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್. ಆ ಆಸ್ಪತ್ರೆಯೇ ವಿಕ್ಟೋರಿಯಾ ಆಸ್ಪತ್ರೆ. ಅದು 1900ರ ಡಿಸೆಂಬರಿನಲ್ಲಿ ತೆರೆಯಿತು. ಅಡಿಗಲ್ಲು ಹಾಕುವಾಗ ಬೆಂಗಳೂರಿಗೆ ಪ್ಲೇಗು ಬಂದಿರಲಿಲ್ಲ. ಕಟ್ಟಡ ಏಳುತ್ತಿದ್ದಾಗಲೇ ಬಂತು.

ಬಂದದ್ದು ನಮ್ಮ ರೈಲುದಾರಿಯಿಂದಲೇ. ಪುಣೆಯಿಂದ ಬೆಳಗಾವಿ, ಲೋಂಡಾ, ಧಾರವಾಡಗಳನ್ನು ಹಾದು ಹುಬ್ಬಳ್ಳಿಗೆ ಹೋಗುವ ಸದರ್ನ್ ಮರಾಠಾ ರೈಲ್ವೆ ನಾವು ಇಂದಿಗೂ ಊರಿಗೆ ಹೋಗುವ ದಾರಿ. ಹುಬ್ಬಳ್ಳಿಯಲ್ಲಿ ಆಗ ರೈಲ್ವೆ ವರ್ಕ್‌ಶಾಪು, ಗಿರಣಿ, ಹತ್ತಿಯ ಪೇಟೆ. ಸುಮಾರು 50 ಸಾವಿರ ಜನ. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದು, ಅಂದರೆ ಪುಣೆಗಿದ್ದ ಗವರ್ನರನೇ ಅದಕ್ಕೂ ಗವರ್ನರ್, ಅದೇ ನಾಲ್ಕು ಕಲಮಿನ ಕಾಯಿದೆ. ಆದರೂ 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಂಡರು. ಹಾಫ್‌ಕಿನ್ ಎಂಬುವನು ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ; ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಕೋಣೆಯೊಂದರಲ್ಲಿ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡವನು. ಚುಚ್ಚಿಸಿಕೊಂಡರೆ ಜ್ವರ ಬರುತ್ತಿತ್ತು, ತೋಳು ಬಾತುಕೊಳ್ಳುತ್ತಿತ್ತು. ಅದರಿಂದ ಗಂಡಸುತನ ಹೋಗುತ್ತದೆಂಬ ಗಾಳಿಮಾತು ಬೇರೆ. ಇಷ್ಟಿದ್ದೂ ಹುಬ್ಬಳ್ಳಿಯವರು ಸಾಲು ನಿಂತರು.

ಏಕೆ ನಿಂತರು? ಹುಬ್ಬಳ್ಳಿಯವರು ಪುಣೆಯವರಿಗಿಂತ ಸಾಧುಗಳೆಂದು ನಾನು ಹೇಳಲಾರೆ. ಹುಬ್ಬಳ್ಳಿಯನ್ನು ಬಲ್ಲ ಯಾರೂ ಹೇಳಲಾರರು. ಕೈಯಲ್ಲಿ ಕಾಣುವ ಲಾಭವಿತ್ತು ಎಂಬುದು ಒಂದು ಕಾರಣ. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಕೊಡುತ್ತಿದ್ದರು; ಅದು ಇದ್ದವರಿಗೆ ಪ್ರತ್ಯೇಕವಾಸದ ಕಾಟದಿಂದ ವಿನಾಯಿತಿ. ಮನೆಗೆ ನುಗ್ಗುವ ಸೈನಿಕನ ಬದಲಿಗೆ ಸೂಜಿ ಹಿಡಿದು ಕುಳಿತ ಡಾಕ್ಟರ್. ತೋಳು ಕೊಡುವುದೋ ಬಿಡುವುದೋ ನಮಗೆ ಸೇರಿದ್ದು. ಸುತ್ತಲಿನವರು ಚುಚ್ಚಿಸಿಕೊಂಡು ಬದುಕಿದ್ದನ್ನು ಕಣ್ಣಾರೆ ಕಂಡದ್ದು ಇನ್ನೊಂದು ಕಾರಣ. ಮುಂಬಯಿಯಲ್ಲಿ ಆಗಾಖಾನರು ತಮ್ಮ ಖೋಜಾ ಅನುಯಾಯಿಗಳ ಎದುರಿಗೆ ತಾವೇ ಲಸಿಕೆ ಹಾಕಿಸಿಕೊಂಡ ಮೇಲೆ ಸಾವಿರಾರು ಜನ ಅವರ ಹಿಂದೆ ಬಂದಿದ್ದರು. ರ‍್ಯಾಂಡನ ಕೊಲೆಯಿಂದ ಸರಕಾರವೂ ಒಂದಿಷ್ಟು ಕಲಿತಿತ್ತೆಂದು ಕಾಣುತ್ತದೆ.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೋಗ ಬೆಂಗಳೂರನ್ನು ಮುಟ್ಟಿತು. ಬೆಂಗಳೂರು ಒಂದೇ ಊರಾದರೂ ಅಲ್ಲಿ ಎರಡು ಸರಕಾರಗಳಿದ್ದವು. ಪೇಟೆ ಮಹಾರಾಣಿಯವರದು; ದಂಡು ಬ್ರಿಟಿಷ್ ರೆಸಿಡೆಂಟನದು. 1891ರಲ್ಲಿ ಪೇಟೆಯ ಜನಸಂಖ್ಯೆ 80,285 ಇದ್ದದ್ದು 1901ಕ್ಕೆ 69,447ಕ್ಕೆ ಇಳಿಯಿತು. ದಂಡಿನದು 1,00,081ರಿಂದ 89,599ಕ್ಕೆ. ಹೆಚ್ಚುಕಡಿಮೆ ಒಂದೇ ಲೆಕ್ಕ. ಸತ್ತವರೂ ಊರು ಬಿಟ್ಟವರೂ ಇದರಲ್ಲಿ ಸೇರಿದ್ದಾರೆ. ರೋಗಕ್ಕೆ ಮಹಾರಾಣಿಯೂ ಒಂದೇ, ರೆಸಿಡೆಂಟನೂ ಒಂದೇ.

ಮೈಸೂರು ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ಮಾಡಿತು. ಇವರೇ ಮುಂದೆ 1906ರಲ್ಲಿ ದಿವಾನರಾದವರು. ಇಲ್ಲಿಯೂ ರೋಗಿಗಳನ್ನು ಒಯ್ದರು, ಮನೆ ಖಾಲಿ ಮಾಡಿಸಿದರು, ರೈಲು ಇಳಿದವರನ್ನು ತಡೆದರು. ನಮ್ಮ ರಾಜರು, ನಮ್ಮ ದಿವಾನರು ಎಂದು ಜನ ಎಲ್ಲವನ್ನೂ ಸುಮ್ಮನೆ ತಾಳಿಕೊಂಡರೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು, ಇತಿಹಾಸವಾಗಲಾರದು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ಗುಂಪುಗೂಡಿ ದಂಗೆಯೆದ್ದರು. ಪೋಲೀಸರು ಗುಂಡು ಹಾರಿಸಿದರು. ದೇಶೀ ಸಂಸ್ಥಾನದ ಗುಂಡೂ ಗುಂಡೇ.

ಆದರೆ ಅಲ್ಲಿಂದ ಮುಂದಿನ ದಾರಿ ಬೇರೆಯಾಯಿತು. ಬೆಂಗಳೂರಿನಲ್ಲಿ ಸರಕಾರವು ಇಕ್ಕಟ್ಟಾದ ಪೇಟೆಯಿಂದ ಜನರನ್ನು ಬರಿದೇ ಹೊರಗೆ ಅಟ್ಟಲಿಲ್ಲ. ಹೋಗಿ ನೆಲಸುವುದಕ್ಕೆ ಜಾಗ ಮಾಡಿಕೊಟ್ಟಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು 1898ರಲ್ಲಿ ಎದ್ದವು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಹಿಂದೆ ಓಣಿ. 1903ರಲ್ಲಿ ಮೈಸೂರು ನಗರದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರು ಯಾರು, ಹಳೇ ಪೇಟೆಯ ಓಣಿಗಳಲ್ಲೇ ಉಳಿದವರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರದು. ಬಡವರು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಬೆಂಗಳೂರಿನಲ್ಲಿ ಪ್ಲೇಗು ಮಾರಿಯಮ್ಮನಿಗೆ ಇಂದಿಗೂ ಪೂಜೆಯಿದೆ.

ಇಲ್ಲಿ ರೋಗದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರ ಜೂನಿನಲ್ಲಿ. ಜಗತ್ತು ಅದನ್ನು ಒಪ್ಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಎಂದರೆ, ರ‍್ಯಾಂಡನ ಸೈನಿಕರು ಹಾಸಿಗೆ ಸುಟ್ಟದ್ದು, ನೆಲ ಅಗೆದದ್ದು ಬಹುಪಾಲು ದಂಡ. ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬ ತಿಳಿವಳಿಕೆ ನಮ್ಮ ಹಳ್ಳಿಗರಲ್ಲಿ ಬೆಳೆದಿತ್ತು. ಅಜ್ಜ ಅಜ್ಜಿಯರು ‘ಪ್ಲೇಗಿನಾಗ ಊರು ಬಿಟ್ಟಿದ್ವಿ’ ಎಂದು ಹೇಳಿದ್ದನ್ನು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕೇಳಬಹುದು. ಸರಕಾರದ ಡಾಕ್ಟರಿಗಿಂತ ಅವರೇ ಸತ್ಯಕ್ಕೆ ಹತ್ತಿರವಿದ್ದರು. ಊರು ಬಿಡಿರಿ ಎಂದು ಹೇಳಿದಾಗ ಜನ ಅಷ್ಟಾಗಿ ಜಗಳವಾಡದೆ, ರೋಗಿಯನ್ನು ನಮಗೆ ಕೊಡಿರಿ ಎಂದಾಗ ಜಗಳವಾಡಿದ್ದು ಏಕೆಂಬುದೂ ಇದರಿಂದ ತಿಳಿಯುತ್ತದೆ.

ಈಗ ಯುರೋಪಿಗೆ ಹೋಗೋಣ. 1899ರ ಬೇಸಿಗೆಯಲ್ಲಿ ಪ್ಲೇಗು ಪೋರ್ಚುಗಲ್ಲಿನ ಪೋರ್ತೊ ಬಂದರಿಗೆ ಬಂತು. ಅದನ್ನು ಗುರುತಿಸಿದವರು ಅದೇ ಊರಿನ ವೈದ್ಯ ರಿಕಾರ್ಡೊ ಜೋರ್ಜ್. ರಾಜಧಾನಿ ಲಿಸ್ಬನ್ನಿನ ಸರಕಾರವು ಸೈನ್ಯ ಕಳಿಸಿ ಊರಿಗೆ ಸುತ್ತುಗಟ್ಟಿತು. ವ್ಯಾಪಾರ ನಿಂತಿತು, ಗಿರಣಿಗಳು ಮುಚ್ಚಿದವು. ಇದು ರೋಗವೇ ಅಲ್ಲ, ಲಿಸ್ಬನ್ನಿನವರು ನಮ್ಮ ಊರನ್ನು ಹಾಳುಮಾಡಲು ಹೂಡಿದ ಆಟ ಎಂದು ಪೋರ್ತೊದ ಜನ ಬೀದಿಗಿಳಿದರು. ಅವರ ಸಿಟ್ಟೆಲ್ಲ ಆ ವೈದ್ಯರ ಮೇಲೆ ತಿರುಗಿ, ಅವರು ಹುಟ್ಟೂರು ಬಿಟ್ಟು ಲಿಸ್ಬನ್ನಿಗೆ ಹೋಗಿ ನೆಲಸಬೇಕಾಯಿತು. ಯುರೋಪಿನವರು ಸರಕಾರವನ್ನು ನಂಬುತ್ತಾರೆನ್ನುವವರು ಪೋರ್ತೊವನ್ನು ನೋಡಬೇಕು.

ಮರುವರ್ಷವೇ, 1900ರ ಆಗಸ್ಟಿನಲ್ಲಿ, ಗ್ಲಾಸ್ಗೊ ನಗರದ ಬಡವರ ಕೇರಿಗಳಲ್ಲಿ ಅದೇ ರೋಗ ಕಂಡಿತು. ಊರಿನ ಮುನಿಸಿಪಾಲಿಟಿಯ ವೈದ್ಯಾಧಿಕಾರಿಯೇ ಕೆಲಸ ನಡೆಸಿದನು, ಸೈನ್ಯ ಬರಲಿಲ್ಲ. ಆ ಕೇರಿಗಳಲ್ಲಿದ್ದ ಐರಿಶ್ ಕ್ಯಾಥೊಲಿಕರಲ್ಲಿ ಹೆಣದ ಸುತ್ತ ರಾತ್ರಿಯಿಡೀ ಕೂಡುವ ಪದ್ಧತಿ. ಅದನ್ನು ನಿಲ್ಲಿಸಲು ಅವರ ಪಾದ್ರಿಗಳನ್ನೇ ಜೊತೆಗೆ ಸೇರಿಸಿಕೊಂಡರು. ರೋಗಿಯ ಮನೆಯವರನ್ನು ಇಡಲು ಮುನಿಸಿಪಾಲಿಟಿಯದೇ ವಸತಿಮನೆ ಇತ್ತು. 36 ಜನರಿಗೆ ರೋಗ, 16 ಸಾವು, ದಂಗೆಯಿಲ್ಲ, ಗುಂಡಿಲ್ಲ. ಎರಡೂ ಊರು ಯುರೋಪಿನವೇ. ಗ್ಲಾಸ್ಗೊದಲ್ಲಿ ಹೀಗೆ ಹಗುರಾಗಿ ನಡೆದುಕೊಂಡದ್ದು, ಮೂರು ವರ್ಷದ ಹಿಂದೆ ಪುಣೆಯಲ್ಲಿ ಸೈನ್ಯ ಕಳಿಸಿದ ಅದೇ ಬ್ರಿಟಿಷ್ ಸಾಮ್ರಾಜ್ಯ. ತನ್ನ ಮನೆಯಲ್ಲಿ ಒಂದು ಮುಖ, ನಮ್ಮ ಮನೆಯಲ್ಲಿ ಒಂದು ಮುಖ.

ಅದೇ 1900ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕೇರಿಯಲ್ಲಿ ಒಬ್ಬನ ಹೆಣದಲ್ಲಿ ಪ್ಲೇಗಿನ ಗುರುತು ಸಿಕ್ಕಿತು. ಪೋಲೀಸರು ಕೇರಿಗೆ ಹಗ್ಗ ಕಟ್ಟಿದರು. ಆ ಹಗ್ಗವು ಬಿಳಿಯರ ಅಂಗಡಿಗಳ ಹತ್ತಿರ ಬಂದಾಗ ಜಾಣತನದಿಂದ ಸುತ್ತಿಕೊಂಡು ಹೋಗುತ್ತಿತ್ತು. ಮೇ ತಿಂಗಳಲ್ಲಿ, ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಳ್ಳದ ಚೀನೀಯರು ಊರು ಬಿಡುವಂತಿಲ್ಲ ಎಂದು ಕಟ್ಟಳೆಯಾಯಿತು. ಹುಬ್ಬಳ್ಳಿಯವರು ಸಾಲು ನಿಂತು ಪಡೆದ ಅದೇ ಸೂಜಿಯನ್ನು ಇಲ್ಲಿ ಚೀನೀಯರು ಬೇಡವೆಂದರು. ವೊಂಗ್ ವಾಯ್ ಎಂಬ ವ್ಯಾಪಾರಿ ಫೆಡರಲ್ ಕೋರ್ಟಿಗೆ ಹೋದ. ಈ ಕಟ್ಟಳೆ ಒಂದು ಜನಾಂಗಕ್ಕೆ ಮಾತ್ರ ಹಾಕಿದ್ದು, ಇದು ನಡೆಯದು ಎಂದು ನ್ಯಾಯಾಧೀಶ ಮೊರೊ ತೀರ್ಪಿತ್ತನು. ಜೂನಿನಲ್ಲಿ ಜ್ಯೂ ಹೋ ಎಂಬ ಕಿರಾಣಿ ಅಂಗಡಿಯವನು ಹಗ್ಗದ ವಿರುದ್ಧ ದಾವೆ ಹೂಡಿ ಗೆದ್ದ. ದೇಶದೊಳಗೆ ಬರಲಿಕ್ಕೇ ಅಡ್ಡಿಯಿದ್ದ, ನಾಗರಿಕತ್ವ ಸಿಗದ ಚೀನೀ ಅಂಗಡಿಕಾರನಿಗೆ ಅಲ್ಲಿ ತೆರೆದಿದ್ದ ಬಾಗಿಲು, ಪುಣೆಯ ಲೋಕಮಾನ್ಯರಿಗೂ ತೆರೆದಿರಲಿಲ್ಲ.

ಕೋರ್ಟು ಹಗ್ಗ ಬಿಚ್ಚಿಸಿದ್ದರಿಂದ ಪ್ಲೇಗು ಹೋಗಲಿಲ್ಲ, ಅದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ರಾಜ್ಯದ ಹಣ್ಣಿನ ವ್ಯಾಪಾರ ಕೆಟ್ಟೀತೆಂದು, ಪ್ಲೇಗೇ ಇಲ್ಲ ಎಂದು ಸಾಧಿಸುತ್ತ ಹೋದನು. ರೋಗ ಗುರುತಿಸಿದ ಸರಕಾರಿ ವೈದ್ಯ ಕಿನ್‌ಯೂನನನ್ನು ಊರೇ ಹಳಿಯಿತು. ಅವನ ಗತಿ ರಿಕಾರ್ಡೊ ಜೋರ್ಜರದೇ ಆಯಿತು. 1904ರ ಹೊತ್ತಿಗೆ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 1906ರ ಭೂಕಂಪದ ನಂತರ ಪ್ಲೇಗು ಮರಳಿ ಬಂದು, ಈ ಸಲ ಬಿಳಿಯರ ಕೇರಿಗಳಲ್ಲೂ ಕಾಣಿಸಿಕೊಂಡಿತು. ಆಗ ಡಾ. ರೂಪರ್ಟ್ ಬ್ಲೂ ಎಂಬವನು ನಾಗರಿಕರ ಸಮಿತಿಯನ್ನೇ ಕಟ್ಟಿಕೊಂಡು ಊರಿನ ಇಲಿಗಳ ಮೇಲೆ ಯುದ್ಧ ಹೂಡಿದನು. ಆಗ ಅದೇ ಊರಿನವರು ತಮ್ಮ ಮನೆಯ ನೆಲಮಾಳಿಗೆಗೆ ತಾವೇ ಸಿಮೆಂಟು ಹಾಕಿಸಿಕೊಂಡರು. ಸರಕಾರವನ್ನು ನಂಬದ ಅಮೆರಿಕದವನು ಎಂಟು ವರ್ಷದಲ್ಲಿ ನಂಬುವವನಾದನೇ? ಮಾತಾಡುವ ರೀತಿ ಬದಲಾಯಿತು ಎಂದರೆ ಸಾಕು.

2020ರ ಕಥೆಯನ್ನೂ ಹೀಗೆಯೇ ಓದಬೇಕೆಂದು ನನ್ನ ಎಣಿಕೆ. ಬಾಲ್ಕನಿಯಲ್ಲಿ ಹಾಡಿದ ಇಟಲಿಯಲ್ಲೇ ಮರುವರ್ಷ ಲಸಿಕೆಯ ‘ಹಸಿರು ಪಾಸಿನ’ ವಿರುದ್ಧ ದೊಡ್ಡ ಮೆರವಣಿಗೆಗಳಾದವು. ಶಾಂತಸ್ವಭಾವದವರೆಂದು ಹೆಸರಾದ ಡಚ್ಚರು 2021ರ ಜನವರಿಯಲ್ಲಿ ರಾತ್ರಿ ಕರ್ಫ್ಯೂ ಹೇರಿದ್ದಕ್ಕೆ ಅಂಗಡಿ ಒಡೆದರು. ಅಮೆರಿಕೆಯಲ್ಲಿ ಬಂದೂಕು ಹಿಡಿದವರು ಟೆಲಿವಿಷನ್ನಿನಲ್ಲಿ ಕಂಡರು. ಅದೇ ದೇಶದಲ್ಲಿ ತಿಂಗಳುಗಟ್ಟಲೆ ತೆಪ್ಪಗೆ ಮನೆಯಲ್ಲಿದ್ದ ಕೋಟ್ಯಂತರ ಜನರನ್ನು ಯಾರು ತೋರಿಸುತ್ತಾರೆ?

ನಮ್ಮ ಮಟ್ಟಿಗೆ ಹೇಳುವುದಾದರೆ, ಕೊಂಢವಾದ ಪತ್ರೆಯ ಬ್ಯಾರಿಕೇಡಿಗಿಂತ ಮನಸ್ಸಿಗೆ ನಾಟಿದ್ದು ಎರಡು ಗಡಿಗಳ ಸುದ್ದಿ. ಮೊದಲನೆಯದು ತಲಪಾಡಿ. 2020ರ ಮಾರ್ಚಿನ ಕೊನೆಗೆ ಕರ್ನಾಟಕ ಸರಕಾರವು ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ಕನ್ನಡಿಗರೂ ತುಳುವರೂ ಮಲಯಾಳಿಗಳೂ ಮೊದಲಿನಿಂದ ದೊಡ್ಡ ಕಾಯಿಲೆಗೆ ಮಂಗಳೂರಿಗೇ ಹೋಗುವವರು. ಆಸ್ಪತ್ರೆ ಮುಟ್ಟಲಾಗದೆ ಕೆಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಅಡ್ಡಿ ತೆಗೆಸಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಏರ್ಪಾಟಾಯಿತು. 1897ರಲ್ಲಿ ಇಲ್ಲದ ಬಾಗಿಲು ಈ ಸಲ ಇತ್ತು. ತಡವಾಗಿಯಾದರೂ ತೆರೆಯಿತು.

ಎರಡನೆಯದು ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳಗಳಿಂದ ಬರುವವರನ್ನು ತಿಂಗಳ ಕೊನೆಯ ವರೆಗೆ ಒಳಗೆ ಬಿಡುವುದಿಲ್ಲ ಎಂದಿತು. ಕೆಲಸ ಕಳೆದುಕೊಂಡು ಊರಿಗೆ ಹೊರಟಿದ್ದ ನಮ್ಮ ಕಡೆಯ ಕೂಲಿಕಾರರು, ಹೊಟೆಲು ಮಾಣಿಗಳು, ಗಾರೆ ಕೆಲಸದವರು ಮಹಾರಾಷ್ಟ್ರದ ಸರಕಾರಕ್ಕೆ ಬೇಡವಾದವರು, ತಮ್ಮದೇ ಸರಕಾರಕ್ಕೆ ರೋಗ ತರುವವರು. ಮುಂಬಯಿಯಿಂದ ಮಂಡ್ಯಕ್ಕೆ ಮರಳಿದವರಲ್ಲಿ ರೋಗ ಕಂಡಿದ್ದು ನಿಜ, ಅಧಿಕಾರಿಗಳ ಹೆದರಿಕೆಯೂ ನಿಜ. ಜೂನಿನಿಂದ ಮಹಾರಾಷ್ಟ್ರದಿಂದ ಬಂದವರನ್ನು ಏಳು ದಿನ ಸರಕಾರಿ ಕ್ವಾರಂಟೈನಿನಲ್ಲಿಟ್ಟು ಮನೆಗೆ ಕಳಿಸತೊಡಗಿದರು. ಹಾಸ್ಟೆಲುಗಳಲ್ಲಿ, ಶಾಲೆಯ ಕೋಣೆಗಳಲ್ಲಿ ಅವರನ್ನು ಇಟ್ಟರು. ಹಲವು ಹಳ್ಳಿಗಳಲ್ಲಿ ಮನೆಯವರು ಶಾಲೆಯ ಕಾಂಪೌಂಡಿನ ಆಚೆ ನಿಂತು, ರೊಟ್ಟಿ ಪಲ್ಲೆಯ ಗಂಟನ್ನು ಗೋಡೆಯ ಮೇಲಿಟ್ಟು, ದೂರದಿಂದಲೇ ಮಾತಾಡಿಸಿ ಹೋಗುತ್ತಿದ್ದರು.